ಹಳಿ ಅಳೆಯುವ ಡಬ್ಬಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಲೆವೆಲ್ ಕ್ರಾಸಿಂಗ್ ಗೇಟಿನ ಕೆಲಸದ ಬಗ್ಗೆ ಬರೆಯುವಾಗ ಟ್ರ್ಯಾಕ್ ರೆಕಾರ್ಡಿಂಗ್ ಕಾರ್ ಅಂತ ಒಂದು ಮಾತು ಬಂದು ಹೋಗಿತ್ತು. ಆ ಒಂದು ಮಾತಿಗೇ ಇಷ್ಟು ಪತ್ರ! ಹೊಸ ಓದುಗರಿಗೆ ಹೇಳಿಬಿಡುತ್ತೇನೆ, ನಾನು ರೈಲ್ವೆಯ ಪರ್ಮನೆಂಟ್ ವೇ ವಿಭಾಗದಲ್ಲಿ, ಅಂದರೆ ಹಳಿ ನೋಡಿಕೊಳ್ಳುವ ಕೆಲಸದಲ್ಲಿ ದುಡಿದು ನಿವೃತ್ತನಾದವನು. ಮನೆ ಹುಬ್ಬಳ್ಳಿಯಲ್ಲೇ. ಈ ಸಲ ಬೇರೆ ವಿಷಯದ ಪತ್ರಗಳನ್ನು ಪಕ್ಕಕ್ಕಿಟ್ಟು ಆ ಡಬ್ಬಿಯ ಬಗ್ಗೆ ಬಂದವನ್ನಷ್ಟೇ ತೆಗೆದುಕೊಂಡಿದ್ದೇನೆ.

ಸರ್, ಗದಗ ಸ್ಟೇಷನ್ನಿನಲ್ಲಿ ಎಂಜಿನ್ನಿಗೆ ಒಂದೆರಡು ಡಬ್ಬಿ ಮಾತ್ರ ಹಾಕಿಕೊಂಡು ಹೋಗುವ ಗಾಡಿ ನೋಡಿದೆ. ಪ್ರಯಾಣಿಕರು ಯಾರೂ ಇರಲಿಲ್ಲ. ಒಳಗೆ ಕಂಪ್ಯೂಟರ್ ಮುಂದೆ ಜನ ಕೂತಿದ್ದರು. ನೀವು ಬರೆದದ್ದು ಅದೇನಾ? ಅದು ಏನನ್ನು ಅಳೆಯುತ್ತದೆ?
(ಕಾಲೇಜು ವಿದ್ಯಾರ್ಥಿನಿ, ಗದಗ)

ಅದೇ ಇರಬೇಕು ತಂಗಿ. ನಮ್ಮಲ್ಲಿ ಎಲ್ಲರೂ ಟಿ.ಆರ್.ಸಿ. ಅಂತಲೇ ಕರೆಯುತ್ತಿದ್ದರು. ಲಕ್ನೋದಲ್ಲಿರುವ ರೈಲ್ವೆ ಸಂಶೋಧನಾ ಸಂಸ್ಥೆ ಆರ್.ಡಿ.ಎಸ್.ಓ. ಇವನ್ನು ದೇಶದ ತುಂಬ ಓಡಿಸುತ್ತದೆ. ಹುಬ್ಬಳ್ಳಿಯ ನೈಋತ್ಯ ರೈಲ್ವೆಗೂ ಸರದಿ ಬರುತ್ತದೆ. ವೇಗದ ಗಾಡಿ ಓಡುವ ದಾರಿಗೆ ಬೇಗ ಬೇಗ, ಉಳಿದ ದಾರಿಗೆ ಸ್ವಲ್ಪ ತಡವಾಗಿ.

ಮುಖ್ಯವಾಗಿ ಅಳೆಯೋದು ಐದು ಸಂಗತಿ. ಮೊದಲು ಗೇಜ್, ಎರಡು ಹಳಿಗಳ ನಡುವಿನ ಅಗಲ. ನಮ್ಮ ಬ್ರಾಡ್ ಗೇಜಿಗೆ 1676 ಮಿ.ಮೀ. ಇದನ್ನು ಹಳಿಯ ನೆತ್ತಿಯಿಂದ ಅಳೆಯುವುದಿಲ್ಲ. ನೆತ್ತಿಯಿಂದ ಹದಿಮೂರು–ಹದಿನಾಲ್ಕು ಮಿ.ಮೀ. ಕೆಳಗೆ, ಒಳಮೈಯಿಂದ ಒಳಮೈಗೆ ಅಳೆಯುತ್ತಾರೆ. ಗಾಲಿಯ ಅಂಚು ಬಂದು ತಾಗುವುದು ಅಲ್ಲೇ ನೋಡಿ. ಎರಡನೆಯದು ಹಳಿಯ ಉದ್ದಕ್ಕೂ ಇರುವ ಏರುತಗ್ಗು. ಮೂರನೆಯದು ಅಲೈನ್‌ಮೆಂಟ್, ಹಳಿ ಎಡಕ್ಕೋ ಬಲಕ್ಕೋ ಸೊಟ್ಟಗಾಗಿದೆಯಾ ಅನ್ನೋದು. ನಾಲ್ಕನೆಯದು ಕ್ರಾಸ್ ಲೆವೆಲ್, ಒಂದು ಹಳಿಗಿಂತ ಪಕ್ಕದ ಹಳಿ ಎಷ್ಟು ಮೇಲಿದೆ, ಎಷ್ಟು ಕೆಳಗಿದೆ ಅಂತ. ಐದನೆಯದು ಟ್ವಿಸ್ಟ್.

ಟ್ವಿಸ್ಟ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಒಂದು ಜಾಗದಲ್ಲಿ ಎಡ ಹಳಿ 6 ಮಿ.ಮೀ. ಮೇಲಿದೆ ಅಂತಿಟ್ಟುಕೋ. ಅಲ್ಲಿಂದ 3.6 ಮೀಟರ್ ಮುಂದೆ ಬಲ ಹಳಿ 6 ಮಿ.ಮೀ. ಮೇಲಿದೆ. ಬೇರೆ ಬೇರೆಯಾಗಿ ನೋಡಿದರೆ ಎರಡೂ ಸಣ್ಣ ವಿಷಯ. ಕೂಡಿಸಿ ನೋಡಿದರೆ ಅಷ್ಟು ಚಿಕ್ಕ ಅಂತರದಲ್ಲಿ ದಾರಿ 12 ಮಿ.ಮೀ. ತಿರುಚಿಕೊಂಡಿದೆ, ಮೀಟರಿಗೆ 3.3 ಮಿ.ಮೀ. ಡಬ್ಬಿಯ ಕೆಳಗೆ ಗಾಲಿ ಕೂರಿಸಿದ ಚೌಕಟ್ಟಿಗೆ ನಾವು ಬೋಗಿ ಅನ್ನುತ್ತೇವೆ, ಅದಕ್ಕೆ ನಾಲ್ಕು ಗಾಲಿ. ಅಂಗಳದಲ್ಲಿ ಹೊರಸು ಹಾಕಿದಾಗ ಒಂದು ಕಾಲು ನೆಲ ಮುಟ್ಟದೆ ಕುಂಟುತ್ತದಲ್ಲ, ಬೋಗಿಯ ಗತಿಯೂ ಇಲ್ಲಿ ಅದೇ. ಒಂದು ಗಾಲಿಯ ಮೇಲಿನ ಭಾರ ಹಗುರಾಗುತ್ತದೆ. ಅದೇ ಹೊತ್ತಿಗೆ ಆ ಗಾಲಿಯನ್ನು ಯಾವುದಾದರೂ ಬಲ ಪಕ್ಕಕ್ಕೆ ತಳ್ಳಿದರೆ ಅದರ ಅಂಚು ಹಳಿ ಹತ್ತಿಬಿಡಬಹುದು. ಖಾಲಿ ಗೂಡ್ಸ್ ವ್ಯಾಗನ್ನಿಗೆ ಈ ಭಯ ಜಾಸ್ತಿ. ಮೈ ಹಗುರ, ಸ್ಪ್ರಿಂಗ್ ಬಿಗಿ. ಹೀಗಾಗಿ ಕಾರು ಗೆರೆ ಎಳೆದು ಕೊಟ್ಟ ಚಾರ್ಟ್ ಕೈಗೆ ಬಂದ ಕೂಡಲೇ ನಾನು ಮೊದಲು ನೋಡುತ್ತಿದ್ದದ್ದು ಟ್ವಿಸ್ಟ್ ಗೆರೆಯನ್ನು.

ದಿನಾ ಕೀಮ್ಯಾನ್ ನಡೆದು ನೋಡ್ತಾನ. ಸಾಹೇಬರು ಟ್ರಾಲಿ ಮೇಲೆ ಬರ್ತಾರ. ಇಷ್ಟು ಮಂದಿ ಕಣ್ಣಿಟ್ಟು ನೋಡಿದ ಮ್ಯಾಲೂ ಮತ್ತ ಈ ದುಬಾರಿ ಗಾಡಿ ಯಾಕ ಬೇಕ್ರಿ?
(ಕಿರಾಣಿ ಅಂಗಡಿಯವರು, ಅಣ್ಣಿಗೇರಿ)

ಒಳ್ಳೆ ಪ್ರಶ್ನೆ ಕೇಳಿದಿರಿ. ಕೀಮ್ಯಾನ್ ನೋಡುವಾಗ ಹಳಿಯ ಮೇಲೆ ಗಾಡಿ ಇರುವುದಿಲ್ಲ. ವ್ಯತ್ಯಾಸ ಇರೋದೇ ಅಲ್ಲಿ.

ನಿಮ್ಮ ಊರಿನ ಸುತ್ತಲಿನ ಎರೆ ಭೂಮಿಯನ್ನೇ ತೆಗೆದುಕೊಳ್ಳಿ. ಕುಸುಗಲ್ ದಾಟಿದ ಮೇಲೆ ಹೆಬಸೂರು, ಶಿಶ್ವಿನಹಳ್ಳಿ, ಅಣ್ಣಿಗೇರಿ, ಹುಲಕೋಟಿ, ಕಣ್ಣು ಹಾಯಿಸಿದಷ್ಟೂ ಕರಿ ನೆಲ. ಹತ್ತಿ, ಕಡಲೆ, ಜೋಳಕ್ಕೆ ಅದು ಬಂಗಾರ. ಹಳಿ ಹಾಕುವವನಿಗೆ ತಲೆನೋವು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಪ್ರತಿ ವರ್ಷ ಹೀಗೆ ಉಸಿರಾಡುವ ನೆಲದ ಮೇಲೆ ಏರಿ ಕಟ್ಟಿ, ಅದರ ಮೇಲೆ ಖಡಿ ಹರವಿ, ಖಡಿಯ ಮೇಲೆ ಸ್ಲೀಪರ್, ಅಂದರೆ ಹಳಿ ಹೊರುವ ಅಡ್ಡ ತೊಲೆ, ಕೂರಿಸಿರುತ್ತಾರೆ. ಒಂದೊಂದು ಕಾಂಕ್ರೀಟ್ ಸ್ಲೀಪರ್ 250 ಕಿಲೋ ಮೀರಿ ತೂಗುತ್ತದೆ. ಕಿಲೋಮೀಟರಿಗೆ 1660 ಸ್ಲೀಪರ್, ಅಂದರೆ ಸುಮಾರು ಎರಡಡಿಗೊಂದು. ನೀರು ಸರಿಯಾಗಿ ಹರಿದು ಹೋಗದಿದ್ದರೆ ಕೆಳಗಿನ ಎರೆ ಮಣ್ಣು ಕೆಸರಾಗಿ ಖಡಿಯ ಸಂದಿಯಲ್ಲಿ ಮೇಲಕ್ಕೆ ಬರುತ್ತದೆ.

ಮಳೆಗಾಲದಲ್ಲಿ ಏರಿಯ ಬದಿಗೆ ನಿಂತು ತುಂಬಿದ ಕಲ್ಲಿದ್ದಲು ಗಾಡಿ ಹೋಗುವುದನ್ನು ನೋಡಬೇಕು ನೀವು. ಡಬ್ಬಿಗಳ ಕಡೆ ನೋಡಬೇಡಿ, ಒಂದೇ ಒಂದು ಸ್ಲೀಪರಿನ ತುದಿಯ ಮೇಲೆ ಕಣ್ಣಿಡಿ. ಒಂದೊಂದು ಆಕ್ಸಲ್ಲಿಗೆ, ಅಂದರೆ ಒಂದು ಜೋಡಿ ಗಾಲಿಯ ಅಚ್ಚಿಗೆ, 22.9 ಟನ್. ಗಾಲಿ ಬಂದಾಗ ಸ್ಲೀಪರ್ ಕೆಳಗೆ ಕೂರುತ್ತದೆ, ಪಕ್ಕದಿಂದ ಕರಿ ನೀರು ಚಿಮ್ಮುತ್ತದೆ. ಗಾಲಿ ದಾಟಿದ ಮೇಲೆ ಮತ್ತೆ ಏಳುತ್ತದೆ. ಕೂರುತ್ತದೆ, ಏಳುತ್ತದೆ. ಗಾರ್ಡಿನ ಡಬ್ಬಿ ದಾಟಿತು ಅನ್ನಿ. ಈಗ ಹೋಗಿ ಅದೇ ಜಾಗದಲ್ಲಿ ಎರಡೂ ಹಳಿಗೆ ಅಡ್ಡಲಾಗಿ ನಮ್ಮ ಗೇಜ್-ಕಮ್-ಲೆವೆಲ್ ಪಟ್ಟಿ ಇಟ್ಟು ನೋಡಿ. ಗಾಜಿನ ಕೊಳವೆಯಲ್ಲಿ ಗುಳ್ಳೆ ಸರಿಯಾಗಿ ನಡುಮಧ್ಯೆ! ಏನೂ ದೋಷವಿಲ್ಲ ಅನ್ನುತ್ತದೆ ಪಟ್ಟಿ. ಹಳಿ ಗಟ್ಟಿ ಉಕ್ಕು, ತನ್ನ ಬಿಗಿತದಿಂದ ಸ್ಲೀಪರನ್ನೇ ಎತ್ತಿ ಹಿಡಿದುಕೊಂಡು ನೇರವಾಗಿ ಕಾಣಿಸಿಕೊಳ್ಳುತ್ತದೆ. ಸ್ಲೀಪರಿನ ಕೆಳಗೆ ಟೊಳ್ಳು.

ಟಿ.ಆರ್.ಸಿ. ತಾನೇ ಒಂದು ಭಾರದ ಡಬ್ಬಿ. ತನ್ನ ಗಾಲಿಯ ಹತ್ತಿರವೇ ಅಳೆಯುತ್ತದೆ. ಟೊಳ್ಳು ಇದ್ದರೆ ಹಳಿ ಬಗ್ಗಲೇಬೇಕು, ಬಗ್ಗಿದ್ದು ದಾಖಲಾಗಲೇಬೇಕು. ಪಟ್ಟಿ ಹಿಡಿದು ನಡೆಯುವ ಯಾರಿಗೂ ಈ ಬಗ್ಗಿದ ಅಳತೆ ಸಿಗುವುದಿಲ್ಲ, ಎಷ್ಟೇ ಅನುಭವ ಇರಲಿ.

ಹಾಗಂತ ಕೀಮ್ಯಾನ್ ಬೇಡವಾ? ಬೇಕು ಸ್ವಾಮಿ. ಇಂಥ ಕಂಬದ ಹತ್ತಿರ ಎಡ ಹಳಿ ಇಷ್ಟು ಮಿ.ಮೀ. ಕುಸಿಯುತ್ತಿದೆ ಅಂತ ಕಾರು ಹೇಳುತ್ತದೆ. ಯಾಕೆ ಅಂತ ಹೇಳುವುದಿಲ್ಲ. ಪಕ್ಕದ ಹೊಲದವರು ಬದು ಹಾಕಿದಾಗ ಚರಂಡಿ ಮುಚ್ಚಿದೆ, ಹೆಗ್ಗಣ ಏರಿ ಕೊರೆದಿದೆ, ನಾಲ್ಕು ಸ್ಲೀಪರಿನ ಕ್ಲಿಪ್ ಸಡಿಲಾಗಿದೆ ಅನ್ನುವುದೆಲ್ಲ ಅಲ್ಲಿ ನಡೆದು ನೋಡಿದವನಿಗೇ ಗೊತ್ತು. ಕಾರಣ ತಿಳಿಯದೆ ಬರೀ ಟ್ಯಾಂಪಿಂಗ್ ಮೆಷಿನ್ ಕಳಿಸಿ ಖಡಿ ಬಡಿಸಿದರೆ ಹಳಿ ಎದ್ದು ನಿಲ್ಲುತ್ತದೆ. ಒಂದು ಮಳೆಗಾಲ ಕಳೆದರೆ ಅದೇ ಜಾಗ, ಅದೇ ತಗ್ಗು. ಹಿಂದಿನ ಓಟದ ಚಾರ್ಟುಗಳನ್ನು ಒಂದರ ಕೆಳಗೊಂದು ಹರಡಿದರೆ ಇದು ಎದ್ದು ಕಾಣುತ್ತದೆ. ಎಲ್ಲ ಚಾರ್ಟಿನಲ್ಲೂ ಅದೇ ಕಂಬದ ಹತ್ತಿರ ಮೊನೆ. ಅಂಥ ಕಡೆ ನೀರಿಗೆ ದಾರಿ ಮಾಡಬೇಕು, ಖಡಿ ತೆಗೆದು ಜರಡಿ ಹಿಡಿಯಬೇಕು. ಅದಕ್ಕೂ ಬಗ್ಗದಿದ್ದರೆ ಮಣ್ಣಿನ ಮೇಲೆ ಬೇರೆ ಪದರವೇ ಹಾಕಬೇಕು. ಖರ್ಚಿನ ಕೆಲಸ, ಲೈನ್ ಬ್ಲಾಕ್, ಅಂದರೆ ಗಾಡಿ ಓಡಾಟ ನಿಲ್ಲಿಸುವುದು, ಬೇಕಾಗುವ ಕೆಲಸ. ಬಡಿಸಿ ಬಿಡುವುದು ಸುಲಭ. ಸುಲಭವಾದದ್ದನ್ನೇ ಮತ್ತೆ ಮತ್ತೆ ಮಾಡುವುದನ್ನು ನಾನು ಕೆಲವು ಕಡೆ ನೋಡಿದ್ದೇನೆ. ನನಗಂತೂ ಅದು ಸರಿ ಕಾಣಲಿಲ್ಲ.

ಡಬ್ಬಿಯೇ ಸ್ಪ್ರಿಂಗ್ ಮೇಲೆ ಕುಣಿಯುತ್ತಿರುತ್ತದೆ. ಕುಣಿಯುವ ಡಬ್ಬಿಯಲ್ಲಿ ಕೂತು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುವುದು ಹೇಗೆ ಸರ್?
(ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ)

ಮೊದಲು ಹಳಿ ದುರಸ್ತಿ ಮಾಡುವ ಗ್ಯಾಂಗಿನವರು ತಿರುವನ್ನು ಹೇಗೆ ಅಳೆಯುತ್ತಾರೆ ಅಂತ ನೋಡೋಣ. ಇಬ್ಬರು ಹಳಿಯ ಒಳಮೈಗೆ ದಾರದ ಎರಡು ತುದಿ ಒತ್ತಿ ಹಿಡಿಯುತ್ತಾರೆ. ದಾರ ಬಿಗಿಯಾಗಿರಬೇಕು. ಮೂರನೆಯವನು ನಡುಮಧ್ಯೆ ಕುಕ್ಕರಗಾಲಲ್ಲಿ ಕೂತು ದಾರಕ್ಕೂ ಹಳಿಗೂ ಎಷ್ಟು ಅಂತರ ಅಂತ ಸ್ಕೇಲಿಟ್ಟು ಓದುತ್ತಾನೆ. ಇದು ವರ್ಸೈನ್. ಇದರಲ್ಲಿ ಒಂದು ಚಂದದ ಲೆಕ್ಕ ಇದೆ. ದಾರ 11.8 ಮೀಟರ್ ಇದ್ದರೆ ಎಷ್ಟು ಸೆಂಟಿಮೀಟರ್ ಬಂತೋ ಅಷ್ಟೇ ಡಿಗ್ರಿ ತಿರುವು. 2 ಸೆಂ.ಮೀ. ಬಂದರೆ 2 ಡಿಗ್ರಿ, ಅಂದರೆ 875 ಮೀಟರ್ ತ್ರಿಜ್ಯ. ಗುಣಾಕಾರವೇ ಬೇಡ.

ಹಳೆಯ ಕಾಲದ ಅಳತೆ ಕಾರುಗಳು ಮಾಡುತ್ತಿದ್ದದ್ದೂ ಇದನ್ನೇ. ದಾರದ ಬದಲು ಗಾಲಿಗಳು. ಹಿಂದಿನ ಮುಂದಿನ ಗಾಲಿಗಿಂತ ನಡುವಿನ ಗಾಲಿ ಎಷ್ಟು ಏರಿತು, ಇಳಿಯಿತು ಅನ್ನುವುದನ್ನು ತಂತಿ, ಸನ್ನೆಗಳ ಮೂಲಕ ಪೆನ್ನಿಗೆ ಮುಟ್ಟಿಸಿ ಉದ್ದನೆಯ ಕಾಗದದ ಸುರುಳಿಯ ಮೇಲೆ ಗೆರೆ ಎಳೆಸುತ್ತಿದ್ದರು. ಮೇಲಿನ ಡಬ್ಬಿ ಎಷ್ಟೇ ಕುಣಿಯಲಿ, ಅಳತೆ ಗಾಲಿ ಗಾಲಿಗಳ ನಡುವೆ ನಡೆಯುತ್ತದೆ. ನಿನ್ನ ಪ್ರಶ್ನೆಗೆ ಹಳಬರು ಕೊಟ್ಟ ಉತ್ತರ ಅದು.

ಆದರೆ ದಾರಕ್ಕೆ ಒಂದು ಕುರುಡು ಇದೆ. 20 ಮೀಟರ್ ದಾರ ಹಿಡಿದೆ ಅಂತಿಟ್ಟುಕೋ. ಹಳಿಯಲ್ಲಿ ಸರಿಯಾಗಿ 10 ಮೀಟರಿಗೊಂದು ಅಲೆ ಇದೆ. ಈ ತುದಿ ಅಲೆಯ ತಲೆಯ ಮೇಲೆ ಬಿತ್ತು. ಆ ತುದಿಯೂ ತಲೆಯ ಮೇಲೆ. ನಡುಮಧ್ಯವೂ ತಲೆಯ ಮೇಲೇ. ಅಂತರ ಎಷ್ಟು? ಸೊನ್ನೆ. ಅಲೆ ಇದೆ, ದಾರಕ್ಕೆ ಕಾಣಲಿಲ್ಲ. ಅದೇ 20 ಮೀಟರಿನ ಅಲೆ ಆದರೆ ಇರುವುದರ ಎರಡರಷ್ಟು ಮಾಡಿ ತೋರಿಸುತ್ತದೆ. ನೀನು ಕಾಲೇಜಿನಲ್ಲಿ ಕಲಿತದ್ದರಲ್ಲೇ ಲೆಕ್ಕ ಹಾಕಿ ನೋಡು, ಉದ್ದ ಬದಲಾದ ಹಾಗೆ ಅದರ ಕಣ್ಣು ಹೇಗೆ ಬದಲಾಗುತ್ತದೆ ಅಂತ ಸಿಗುತ್ತದೆ.

ಈಗಿನ ಕಾರುಗಳು ಬೇರೆ ದಾರಿ ಹಿಡಿದಿವೆ. ಬೋಗಿಯ ಮೇಲೋ ಡಬ್ಬಿಯ ತಳದಲ್ಲೋ ಆಕ್ಸೆಲೆರೋಮೀಟರ್ ಕೂರಿಸುತ್ತಾರೆ. ಅದು ಕುಣಿತದ ವೇಗೋತ್ಕರ್ಷ ಹೇಳುತ್ತದೆ. ಎರಡು ಸಲ ಇಂಟಿಗ್ರೇಟ್ ಮಾಡಿದರೆ ಆ ಬಿಂದು ಎಷ್ಟು ಏರಿತು, ಇಳಿಯಿತು ಅಂತ ಗೊತ್ತಾಯಿತು. ಅಲ್ಲಿಂದ ಹಳಿ ಎಷ್ಟು ದೂರ ಅಂತ ಲೇಸರ್ ಹೇಳುತ್ತದೆ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿದದ್ದು ಹಳಿಯ ರೂಪ. ಅಂದರೆ ಕುಣಿತವನ್ನು ತಡೆಯೋಕೆ ಹೋಗಲಿಲ್ಲ, ಅದನ್ನೂ ಅಳೆದು ಕಳೆದರು. ಗೇಜಿಗೂ ಲೇಸರೇ. ಹಳಿಯ ಮೇಲೆ ಬೆಳಕಿನ ತೆಳು ಗೆರೆ ಬೀಳುತ್ತದೆ, ಓರೆಯಿಂದ ಕ್ಯಾಮೆರಾ ಅದನ್ನು ನೋಡುತ್ತದೆ. ಹಳಿಯ ತಲೆ ಸವೆದಿದ್ದರೆ ಅದೂ ಆ ಗೆರೆಯಲ್ಲಿ ಕಾಣುತ್ತದೆ.

ಇದಕ್ಕೂ ಒಂದು ತೊಂದರೆ ಇದೆ. ಗಾಡಿ ತೀರಾ ನಿಧಾನ ಆದರೆ ಕುಣಿತವೇ ಇರುವುದಿಲ್ಲ, ಸಂವೇದಕಕ್ಕೆ ಬರೀ ಗದ್ದಲ ಸಿಗುತ್ತದೆ. ಎರಡು ಸಲ ಕೂಡಿಸಿದಾಗ ಆ ಗದ್ದಲವೇ ದೊಡ್ಡದಾಗಿ ಕೂರುತ್ತದೆ. ಅದಕ್ಕೇ ಯಾರ್ಡಿನಲ್ಲಿ, ಸ್ಟೇಷನ್ನಿನ ಪಕ್ಕದ ಲೂಪ್ ಲೈನಿನಲ್ಲಿ ಇಂದಿಗೂ ಕೈ ಅಳತೆ, ಟ್ರಾಲಿ ಅಳತೆಗಳೇ ಆಸರೆ. ಟಿ.ಆರ್.ಸಿ. ಎಷ್ಟು ಒತ್ತಾಗಿ ಅಳೆಯುತ್ತದೆ ಅಂತ ಅಂದಾಜು ಬೇಕಾ? ಸುಮಾರು ಒಂದಡಿಗೊಮ್ಮೆ. ನಮ್ಮ ಹುಬ್ಬಳ್ಳಿ ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿನಲ್ಲೇ ಉದ್ದ. ಅದರ ಉದ್ದಕ್ಕೆ ಐದು ಸಾವಿರ ಅಳತೆ ಆಗುತ್ತದೆ. ಗಂಟೆಗೆ ನೂರು ಕಿ.ಮೀ. ವೇಗವಾದರೆ ಅಷ್ಟು ದೂರ ಒಂದು ನಿಮಿಷದೊಳಗೆ ಮುಗಿಯುತ್ತದೆ. ಪ್ಲಾಟ್‌ಫಾರ್ಮ್ ಪಕ್ಕ ಆ ವೇಗದಲ್ಲಿ ಯಾರೂ ಓಡಿಸುವುದಿಲ್ಲ ಬಿಡು, ಸುಮ್ನೆ ಲೆಕ್ಕಕ್ಕೆ ಹೇಳಿದೆ.

ಹಳಿಯಲ್ಲಿನ ಬಿರುಕು ಇದರಲ್ಲಿ ಗೊತ್ತಾಗುತ್ತದೆಯೇ?
(ಶಿಕ್ಷಕರು, ಬ್ಯಾಡಗಿ)

ಇಲ್ಲ ಗುರುಗಳೇ. ಟಿ.ಆರ್.ಸಿ. ನೋಡುವುದು ಹಳಿಯ ಆಕಾರವನ್ನು. ಉಕ್ಕಿನ ಒಳಗಿನ ಬಿರುಕಿಗೆ ಅಲ್ಟ್ರಾಸೋನಿಕ್ ಪರೀಕ್ಷೆ ಬೇರೆಯೇ ಇದೆ. ಹಳಿಯ ಮೇಲೆ ಸಣ್ಣ ಟ್ರಾಲಿ ತಳ್ಳಿಕೊಂಡು, ನೀರು ತೊಟ್ಟಿಕ್ಕಿಸುತ್ತ ಹೋಗುವವರನ್ನು ನೀವು ನೋಡಿರಬಹುದು. ಆ ನೀರು ಸಂವೇದಕಕ್ಕೂ ಹಳಿಗೂ ನಡುವೆ ಗಾಳಿ ಉಳಿಯದಂತೆ ಮಾಡುತ್ತದೆ. ಗಾಳಿ ಉಳಿದರೆ ಧ್ವನಿ ಒಳಗೆ ಇಳಿಯುವುದಿಲ್ಲ. ಒಂದು ಸಂವೇದಕ ನೇರ ಕೆಳಗೆ ನೋಡುತ್ತದೆ, ಇನ್ನು ಕೆಲವು 70 ಡಿಗ್ರಿ ಓರೆಯಾಗಿ ಹಿಂದಕ್ಕೂ ಮುಂದಕ್ಕೂ ನೋಡುತ್ತವೆ.

ಧಾರವಾಡ–ಅಳ್ನಾವರ ನಡುವೆ ತಿರುವಿನಲ್ಲಿ ಗಾಡಿ ನಿಂತರೆ ಒಂದು ಕಡೆ ವಾಲಿರುತ್ತದೆ. ಒಂದು ಹಳಿ ಬೇಕಂತಲೇ ಎತ್ತರ ಇಟ್ಟಿರುತ್ತಾರೆ ಅಂತ ಕೇಳಿದ್ದೇನೆ. ಹಾಗಾದರೆ ಕಾರು ಅದನ್ನೂ ದೋಷ ಅಂತ ಬರೆದುಕೊಳ್ಳುವುದಿಲ್ಲವೇ?
(ದಿನದ ಪ್ರಯಾಣಿಕರು, ಧಾರವಾಡ)

ಬೇಕಂತಲೇ ಇಟ್ಟದ್ದು, ನಿಜ. ಅದನ್ನು ಕ್ಯಾಂಟ್ ಅನ್ನುತ್ತೇವೆ. 2 ಡಿಗ್ರಿ ತಿರುವಿನಲ್ಲಿ ಗಂಟೆಗೆ 80 ಕಿ.ಮೀ. ವೇಗಕ್ಕೆ ಪೂರ್ತಿ ಸಮತೋಲ ಬೇಕು ಅಂದರೆ ಹೊರಗಿನ ಹಳಿ ಸುಮಾರು 101 ಮಿ.ಮೀ. ಎತ್ತರ ಇರಬೇಕು. ಅದೇ ತಿರುವಿನಲ್ಲಿ ಗೂಡ್ಸ್ ಗಾಡಿ ತೆವಳುತ್ತ ಬರುತ್ತದೆ. ಅದಕ್ಕೆ ಅಷ್ಟು ಎತ್ತರ ಜಾಸ್ತಿ, ಒಳಗಿನ ಹಳಿಯ ಮೇಲೆ ಕುಕ್ಕರಿಸುತ್ತದೆ. ಇಬ್ಬರಿಗೂ ಹೊಂದುವ ಹಾಗೆ ಒಂದು ಲೆಕ್ಕ ಹಿಡಿದು ಇಡುತ್ತಾರೆ.

ಚಾರ್ಟಿನಲ್ಲಿ ಇದು ಮೆಲ್ಲಗೆ ಏರಿ, ಸಪಾಟಾಗಿ ಸಾಗಿ, ಮೆಲ್ಲಗೆ ಇಳಿಯುವ ದಿಬ್ಬದಂತೆ ಬರುತ್ತದೆ. ನೋಡುವವನಿಗೆ ತಿರುವು ಶುರುವಾಯಿತು ಅಂತ ಗೊತ್ತು. ಆ ಸಪಾಟಾದ ನೆತ್ತಿಯ ಮೇಲೆ ಮೊನೆಗಳು ಎದ್ದಿದ್ದರೆ ಅದು ದೋಷ.

ಇಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಇನ್ನೊಂದಿದೆ. ಓಡುವ ಗಾಡಿಯಲ್ಲಿ ಯಾವುದು ಮಟ್ಟ ಅಂತ ತಿಳಿಯುವುದು ಹೇಗೆ? ತೂಗುಗುಂಡು ಕಟ್ಟಿದರೆ ತಿರುವಿನಲ್ಲಿ ಅದೇ ಹೊರಕ್ಕೆ ಸರಿಯುತ್ತದೆ. ಸರಿಯಾದ ವೇಗದಲ್ಲಿ ಹೋದರೆ 100 ಮಿ.ಮೀ. ವಾಲಿದ ಡಬ್ಬಿಯಲ್ಲೂ ಗುಂಡು ಏನೂ ವಾಲಿಲ್ಲ ಅಂತಲೇ ಸಾಕ್ಷಿ ಹೇಳುತ್ತದೆ! ಅದಕ್ಕೇ ಅಳತೆ ಕಾರಿನಲ್ಲಿ ಜೈರೋಸ್ಕೋಪ್ ಇರುತ್ತದೆ. ಡಬ್ಬಿ ಎಷ್ಟು ಹೊರಳಿತು ಅಂತ ಅದು ಲೆಕ್ಕ ಇಡುತ್ತದೆ. ತಿರುವಿನ ತಳ್ಳಾಟಕ್ಕೆ ಮೋಸ ಹೋಗುವುದಿಲ್ಲ.

ಹಳಿಗೂ ಪರೀಕ್ಷೆಯ ಹಾಗೆ ಮಾರ್ಕ್ಸ್ ಕೊಡ್ತಾರಂತೆ, ಹೌದಾ?
(ಗೃಹಿಣಿ, ರಾಣೆಬೆನ್ನೂರು)

ಹೌದು ತಾಯಿ. ನಮ್ಮ ಕಾಲದಲ್ಲಿ ಟಿ.ಜಿ.ಐ., ಅಂದರೆ ಟ್ರ್ಯಾಕ್ ಜಿಯೋಮೆಟ್ರಿ ಇಂಡೆಕ್ಸ್, ಅಂತ ಒಂದು ಅಂಕ ಇತ್ತು. ಏರುತಗ್ಗು, ಟ್ವಿಸ್ಟ್, ಗೇಜ್, ಅಲೈನ್‌ಮೆಂಟ್ ನಾಲ್ಕಕ್ಕೂ ಬೇರೆ ಬೇರೆ ಅಂಕ ಹಾಕುತ್ತಿದ್ದರು. ಆಮೇಲೆ ಏರುತಗ್ಗಿನ ಅಂಕಕ್ಕೆ ಎರಡು ಪಾಲು, ಟ್ವಿಸ್ಟಿಗೆ ಒಂದು, ಗೇಜಿಗೆ ಒಂದು, ಅಲೈನ್‌ಮೆಂಟಿಗೆ ಆರು ಪಾಲು ಕೊಟ್ಟು ಕೂಡಿಸಿ ಹತ್ತರಿಂದ ಭಾಗಿಸುವುದು. 80 ದಾಟಿದರೆ ಕೈ ಹಚ್ಚಬೇಕಿಲ್ಲ. 50ರಿಂದ 80 ಇದ್ದರೆ ಅಗತ್ಯ ಬಿದ್ದ ಕಡೆ ಕೆಲಸ. 36ರಿಂದ 50 ಇದ್ದರೆ ಯೋಜನೆ ಹಾಕಿ ಮಾಡಬೇಕು. 36ಕ್ಕಿಂತ ಕೆಳಗೆ ಬಂದರೆ ತುರ್ತು.

ಅಲೈನ್‌ಮೆಂಟಿಗೆ ಆರು ಪಾಲು ಅಂದರೆ ಏನಾಗುತ್ತದೆ ನೋಡಿ. ಗೇಜಿಗೆ ಪೂರ್ತಿ 100, ಏರುತಗ್ಗು ಮತ್ತು ಟ್ವಿಸ್ಟಿಗೆ ತಲಾ 90 ಬಂದರೂ ಅಲೈನ್‌ಮೆಂಟಿಗೆ 30 ಬಂದರೆ ಒಟ್ಟು 55ಕ್ಕೆ ಇಳಿಯುತ್ತದೆ. ಮೂರು ವಿಷಯದಲ್ಲಿ ಡಿಸ್ಟಿಂಕ್ಷನ್ ತೆಗೆದ ಹುಡುಗ ಒಂದೇ ವಿಷಯದಿಂದ ಕೆಳಗೆ ಬಂದ ಹಾಗಾಯಿತು.

ನನಗೆ ಈ ಅಂಕದ ಮೇಲೆ ಪೂರ್ತಿ ಭರವಸೆ ಎಂದೂ ಇರಲಿಲ್ಲ. ಅದು ಇಡೀ ತುಂಡಿನ ಏರಿಳಿತದ ಸರಾಸರಿ ಲೆಕ್ಕ. ಕಿಲೋಮೀಟರಿಗೆ 80 ಬಂತು ಅಂತ ಖುಷಿಪಟ್ಟರೆ, ಅದರೊಳಗೆ ಒಂದೇ ಒಂದು ಕೆಟ್ಟ ಟ್ವಿಸ್ಟ್ ಅಡಗಿ ಕೂತಿರಬಹುದು. ಸರಾಸರಿಯ ಮೇಲೆ ಗಾಡಿ ಹಳಿ ತಪ್ಪುವುದಿಲ್ಲ, ಆ ಒಂದು ಜಾಗದಲ್ಲಿ ತಪ್ಪುತ್ತದೆ. ಹಾಗೆ ಮಿತಿ ಮೀರಿದ ಜಾಗ ಸಿಕ್ಕರೆ ಅಂಕಕ್ಕೆ ಕಾಯುವ ಹಾಗಿಲ್ಲ. ಕಾಶನ್ ಆರ್ಡರ್ ಹೋಗುತ್ತದೆ, ಲೋಕೋ ಪೈಲಟ್ ಅಲ್ಲಿ ವೇಗ ಇಳಿಸಿ ದಾಟಬೇಕು, ಗ್ಯಾಂಗ್ ಹೋಗಿ ಸರಿಮಾಡುವವರೆಗೆ.

ನೂರು ಕಿ.ಮೀ. ವೇಗದಲ್ಲಿ ಅಳೆದದ್ದನ್ನು ಆಮೇಲೆ ಗ್ಯಾಂಗಿನವರು ಅದೇ ಜಾಗದಲ್ಲಿ ಹುಡುಕುವುದು ಹೇಗೆ?
(ಲಾರಿ ಚಾಲಕರು, ಹಾವೇರಿ)

ಗಾಡಿ ಓಡಿಸುವವರಿಗೇ ಬರುವ ಪ್ರಶ್ನೆ ಇದು. ಕಾರಿನ ಆಕ್ಸಲ್ ತುದಿಯಲ್ಲಿ ಸುತ್ತು ಎಣಿಸುವ ಯಂತ್ರ ಇರುತ್ತದೆ. ನಿಮ್ಮ ಲಾರಿಯ ಮೀಟರ್ ಥರವೇ, ಗಾಲಿ ಎಷ್ಟು ಸುತ್ತಿತು ಅನ್ನುವುದರಿಂದ ದೂರ. ಕೋಚಿನ ಹೊಸ ಗಾಲಿ 915 ಮಿ.ಮೀ. ಅಡ್ಡಳತೆ. ಓಡಿ ಓಡಿ ಸವೆಯುತ್ತದೆ, ಲೇತಿಗೆ ಹಾಕಿ ತಿರುಗಿಸಿದಾಗ ಇನ್ನೂ ಸಣ್ಣದಾಗುತ್ತದೆ. ಕಂಪ್ಯೂಟರಿಗೆ ಹೇಳಿದ ಅಳತೆಗಿಂತ ಬರೀ 1 ಮಿ.ಮೀ. ಸವೆದಿದ್ದರೆ ಕಿಲೋಮೀಟರಿಗೆ 1.1 ಮೀಟರ್ ತಪ್ಪು. ಹುಬ್ಬಳ್ಳಿಯಿಂದ ಗದಗ ಮುಟ್ಟುವಷ್ಟರಲ್ಲಿ ಅರವತ್ತು ಮೀಟರಿನಷ್ಟಾಯಿತು. ಅರವತ್ತು ಮೀಟರ್ ಅಂದರೆ ನೂರು ಸ್ಲೀಪರ್! ಗ್ಯಾಂಗಿನವರು ಚೆನ್ನಾಗಿರುವ ಜಾಗವನ್ನು ಅಗೆದು, ಕೆಟ್ಟದ್ದನ್ನು ಬಿಟ್ಟು ಬಂದ ಹಾಗೆ.

ಹಿಂದೆ ಕಾರಿನ ಕಿಟಕಿಯಲ್ಲಿ ಒಬ್ಬರು ಕೂತು ಕಿ.ಮೀ. ಕಲ್ಲು, ಸೇತುವೆ, ಗೇಟ್ ಬಂದಾಗಲೆಲ್ಲ ಗುಂಡಿ ಒತ್ತುತ್ತಿದ್ದರು. ಚಾರ್ಟಿನ ಅಂಚಿನಲ್ಲಿ ಗುರುತು ಬೀಳುತ್ತಿತ್ತು. ಕಣ್ಣು ಮಿಟುಕಿಸಿದರೆ ಕಲ್ಲು ಹಿಂದೆ ಹೋಗಿರುತ್ತದೆ, ಬೇಸರದ ಕೆಲಸ. ಈಗ ಜಿ.ಪಿ.ಎಸ್. ಇದೆ. ಆದರೂ ಸ್ಥಳದಲ್ಲಿ ಕಡೆಗೆ ನೋಡುವುದು ಕಂಬದ ನಂಬರನ್ನೇ. ಕರೆಂಟ್ ಕಂಬದ ಮೇಲೆ ಕಿಲೋಮೀಟರ್ ಒಂದು, ಅದರ ಕೆಳಗೆ ಕಂಬದ ಸಂಖ್ಯೆ ಒಂದು ಬರೆದಿರುತ್ತದೆ. ಎರಡು ಕಂಬದ ನಡುವೆ ನಡೆದು ನೋಡಿದರೆ ಟೊಳ್ಳು ಸ್ಲೀಪರ್ ತಾನಾಗಿ ಗೊತ್ತಾಗುತ್ತದೆ. ಅದರ ಸುತ್ತಲಿನ ಖಡಿ ಒಂದಕ್ಕೊಂದು ಉಜ್ಜಿ, ಪುಡಿ ಮೆತ್ತಿಕೊಂಡು ಬೆಳ್ಳಗಾಗಿರುತ್ತದೆ.

ಮೊದಲು ರೈಲಿನಲ್ಲಿ ಕೂತರೆ ಟಕ್-ಟಕ್, ಟಕ್-ಟಕ್ ಅಂತ ತಾಳ ಕೇಳುತ್ತಿತ್ತು. ಈಗ ಇಲ್ಲ. ಯಾಕೆ?
(ಹಿರಿಯ ಓದುಗರು, ಹಾವೇರಿ)

ಆಗ 13 ಮೀಟರಿಗೊಂದು ಜೋಡಣೆ ಇತ್ತು. ಈಗ ಹಳಿಗಳನ್ನು ಬೆಸೆದು ಕಿಲೋಮೀಟರುಗಟ್ಟಲೆ ಒಂದೇ ಮಾಡಿದ್ದಾರೆ. ಹಳೆಯ ಚಾರ್ಟುಗಳಲ್ಲಿ ಆ ತಾಳ ಕಣ್ಣಿಗೂ ಕಾಣುತ್ತಿತ್ತು, 13 ಮೀಟರಿಗೊಂದು ಸಣ್ಣ ತಗ್ಗು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋದರೆ ಆ ತಗ್ಗು ಸೆಕೆಂಡಿಗೊಂದರಂತೆ ಬರುತ್ತದೆ. ಡಬ್ಬಿಯ ಸ್ಪ್ರಿಂಗುಗಳು ತಾವಾಗಿ ತೂಗುವ ವೇಗವೂ ಹೆಚ್ಚು ಕಡಿಮೆ ಅಷ್ಟೇ. ಪ್ಯಾಸೆಂಜರ್ ಗಾಡಿಯಲ್ಲಿ ಅಷ್ಟು ಚೆನ್ನಾಗಿ ನಿದ್ದೆ ಬರುತ್ತಿದ್ದುದಕ್ಕೆ ಇದೂ ಒಂದು ಕಾರಣ ಇರಬಹುದು, ನನ್ನ ಅನುಮಾನ ಅಷ್ಟೇ.

ಬೆಸೆದ ಹಳಿಗೆ ಬೇರೆ ಚಿಂತೆ. ಒಂದು ಕಿ.ಮೀ. ಹಳಿಯನ್ನು ಬಿಡಿಯಾಗಿ ಬಿಟ್ಟು 40 ಡಿಗ್ರಿ ಕಾಯಿಸಿದರೆ 46 ಸೆಂ.ಮೀ. ಬೆಳೆಯುತ್ತದೆ. ಸ್ಲೀಪರ್, ಖಡಿ ಅದನ್ನು ಬಿಗಿಹಿಡಿದಿರುವುದರಿಂದ ಬೆಳೆಯಲಾಗದೆ ಒಳಗೇ ಒತ್ತಡ ತುಂಬಿಕೊಳ್ಳುತ್ತದೆ. ಬೆಳಿಗ್ಗೆ ಟಿ.ಆರ್.ಸಿ. ಓಡಿ ಎಲ್ಲ ನೆಟ್ಟಗಿದೆ ಅಂತ ಬರೆದರೂ ಈ ಒತ್ತಡ ಅದಕ್ಕೆ ಕಾಣುವುದಿಲ್ಲ. ಏಪ್ರಿಲ್–ಮೇ ಮಧ್ಯಾಹ್ನ ತಲೆಗೆ ಟವೆಲ್ ಸುತ್ತಿಕೊಂಡು ಹಳಿ ಕಾಯುತ್ತ ನಡೆಯುವವರು ಇರುವುದು ಅದಕ್ಕೇ.

ನಮ್ಮ ಮೊಬೈಲಿನಲ್ಲೂ ಆಕ್ಸೆಲೆರೋಮೀಟರ್ ಇದೆ. ಪ್ರಾಜೆಕ್ಟ್‌ಗೆ ಅದರಿಂದ ಹಳಿ ಅಳೆಯಬಹುದಾ ಸರ್?
(ಡಿಪ್ಲೊಮಾ ವಿದ್ಯಾರ್ಥಿ, ಧಾರವಾಡ)

ಹಳಿ ಅಳೆಯಲಾಗದು, ಡಬ್ಬಿಯ ಕುಲುಕಾಟ ಅಳೆಯಬಹುದು ತಮ್ಮಾ. ರೈಲ್ವೆಯಲ್ಲೂ ಓ.ಎಂ.ಎಸ್. ಅಂತ ಅದಕ್ಕೆ ಬೇರೆ ಯಂತ್ರವೇ ಇದೆ. ಪೆಟ್ಟಿಗೆಯಷ್ಟು ದೊಡ್ಡದು, ಡಬ್ಬಿಯ ನೆಲದ ಮೇಲೆ ಬೋಗಿಯ ನೇರಕ್ಕೆ ಇಡುತ್ತಾರೆ. ಮೇಲೆ–ಕೆಳಗೆ, ಎಡ–ಬಲ ಎರಡೂ ಹೊಡೆತ ಎಣಿಸುತ್ತದೆ. ನೀನೂ ಫೋನನ್ನು ಕೈಯಲ್ಲಿ ಹಿಡಿಯಬೇಡ, ಸೀಟಿನ ಮೇಲೂ ಬೇಡ, ಸ್ಪಂಜು ಎಲ್ಲ ನುಂಗಿಬಿಡುತ್ತದೆ. ನೆಲಕ್ಕೆ ಟೇಪ್ ಹಚ್ಚಿ ಅಂಟಿಸು. ವೇಗ ಬರೆದುಕೊಳ್ಳದಿದ್ದರೆ ಆ ಅಂಕಿಗಳಿಗೆ ಅರ್ಥವಿಲ್ಲ. ಅದೇ ತಗ್ಗು 40ರಲ್ಲಿ ಸುಮ್ಮನಿದ್ದು 100ರಲ್ಲಿ ಎಗರಿಸುತ್ತದೆ. ಹೋಗುವಾಗ, ಬರುವಾಗ ಎರಡೂ ಸಲ ಅಳೆದು ಹೋಲಿಸು. ಗೇಜ್ ಬಗ್ಗೆ ಮಾತ್ರ ಫೋನ್ ಏನೂ ಹೇಳಲಾರದು.

ಅಜ್ಜಾ, ಜಪಾನಿನಲ್ಲಿ ಹಳದಿ ಬಣ್ಣದ ಹಳಿ ಡಾಕ್ಟರ್ ರೈಲು ಇದೆಯಂತೆ?
(ಆರನೇ ತರಗತಿ, ಕುಂದಗೋಳ)

ಇದೆ ಪುಟ್ಟಾ. ಡಾಕ್ಟರ್ ಯೆಲ್ಲೋ ಅಂತಲೇ ಹೆಸರು. ಏಳು ಡಬ್ಬಿ, ಗಂಟೆಗೆ 270 ಕಿ.ಮೀ. ವೇಗ. ಬುಲೆಟ್ ರೈಲಿನ ಹಳಿಯನ್ನೂ ಮೇಲಿನ ಕರೆಂಟ್ ತಂತಿಯನ್ನೂ ನೋಡಿಕೊಂಡು ಸುಮಾರು ಹತ್ತು ದಿನಕ್ಕೊಮ್ಮೆ ಓಡುತ್ತಿತ್ತು. ವೇಳಾಪಟ್ಟಿ ಹೊರಗೆ ಹೇಳುತ್ತಿರಲಿಲ್ಲ. ಹಾಗಾಗಿ ಕಣ್ಣಿಗೆ ಬಿದ್ದರೆ ಅದೃಷ್ಟ ಅಂತ ಅಲ್ಲಿನ ಜನ ನಂಬುತ್ತಾರೆ. ಅಂಥ ಎರಡು ಗಾಡಿಗಳಲ್ಲಿ ಒಂದು 2025ರ ಜನವರಿಯಲ್ಲಿ ನಿವೃತ್ತಿಯಾಯಿತು.

ನಾನು ದಿನಾ ಹೋಗುವ ದಾರಿಯಲ್ಲಿ ಒಂದು ಸಣ್ಣ ಸೇತುವೆ ದಾಟಿದ ಕೂಡಲೇ ಡಬ್ಬಿ ಧಡ್ ಅನ್ನುತ್ತದೆ. ಹೆದರಬೇಕಾ? ಯಾರಿಗೆ ಹೇಳಬೇಕು?
(ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ)

ಸೇತುವೆ ಗಟ್ಟಿ, ಕೆಳಗೆ ಕೂರುವುದಿಲ್ಲ, ಅದರ ಪಕ್ಕದ ಮಣ್ಣಿನ ಏರಿ ಮೆಲ್ಲಗೆ ಕೂರುತ್ತದೆ. ಗಟ್ಟಿ ಜಾಗದಿಂದ ಮೆತ್ತನೆ ಜಾಗಕ್ಕೆ ಗಾಲಿ ಇಳಿಯುವ ಆ ಕೆಲವು ಮೀಟರಿನಲ್ಲಿ ಖಡಿ ಬೇಗ ಕೂರುತ್ತದೆ. ಎಲ್ಲ ದೇಶದ ರೈಲ್ವೆಗೂ ಇರುವ ಹಳೆಯ ರೋಗ ಇದು. ಸಣ್ಣ ಧಡ್ ಆದರೆ ಹೆದರಬೇಕಿಲ್ಲ. ದಿನದಿಂದ ದಿನಕ್ಕೆ ಜಾಸ್ತಿ ಆಗುತ್ತಿದೆ, ಅಥವಾ ಡಬ್ಬಿ ಪಕ್ಕಕ್ಕೆ ಎಳೆದ ಹಾಗೆ ಆಗುತ್ತಿದೆ ಅನ್ನಿಸಿದರೆ ಹೇಳಲೇಬೇಕು. 139ಕ್ಕೆ ಫೋನ್ ಮಾಡಿ. ಇಲ್ಲವಾದರೆ ಇಳಿದ ಸ್ಟೇಷನ್ನಿನಲ್ಲಿ ಸ್ಟೇಷನ್ ಮಾಸ್ಟರಿಗೆ ಹೇಳಿ. "ಸೇತುವೆ ಹತ್ತಿರ" ಅಂತ ಹೇಳಿದರೆ ಯಾವ ಸೇತುವೆ ಅಂತ ಹುಡುಕುತ್ತಾರೆ. ಗಾಡಿ ನಂಬರ್, ಹೊತ್ತು, ಯಾವ ಎರಡು ಸ್ಟೇಷನ್ನಿನ ನಡುವೆ ಅನ್ನುವುದನ್ನು ಕೊಡಿ. ಸಾಧ್ಯವಾದರೆ ಧಡ್ ಅಂದ ಮೇಲೆ ಕಿಟಕಿಯಿಂದ ಕಾಣುವ ಮೊದಲ ಕಂಬದ ನಂಬರನ್ನೂ ಓದಿಕೊಳ್ಳಿ. ತಲೆ ಹೊರಗೆ ಹಾಕಬೇಡಿ ಮತ್ತೆ.